ಅಂಬಿಗಿತ್ತಿಯ ದೂರು

"ಗುರುಗಳೇ, ಪೇಟೆಯಲ್ಲಿ ಒಬ್ಬ ಹುಡುಗನನ್ನು ಪೊಲೀಸರು ಹಿಡಿದೊಯ್ದರು. ಅವನು ಯಾರ ಮೇಲೂ ಕೈ ಮಾಡಿರಲಿಲ್ಲ. ಪ್ರೀತಿಯಿಂದ ಒಬ್ಬಳ ಹಿಂದೆ ಹಿಂದೆ ಹೋಗುತ್ತಿದ್ದ, ಅಷ್ಟೇ. ಪ್ರೀತಿಗೂ ಶಿಕ್ಷೆ ಉಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹೊಳೆದಂಡೆಯ ಊರಿನಲ್ಲಿ ಒಬ್ಬ ಅಂಬಿಗಿತ್ತಿ ಇದ್ದಳು. ಗಂಡ ಸತ್ತ ಮೇಲೆ ಹರಿಗೋಲನ್ನು ತಾನೇ ನಡೆಸುತ್ತಿದ್ದಳು. ದಡದಲ್ಲಿ ನಿಂತು ಕೂಗಿದವರನ್ನು ಹತ್ತಿಸಿಕೊಳ್ಳದೆ ಬಿಡಬಾರದು ಎಂಬುದು ಆ ಹೊಳೆಯ ಕಟ್ಟಳೆ. ಹಗೆಯೇ ಬಂದು ಕೂಗಲಿ, ಇಲ್ಲ ಎನ್ನುವಂತಿಲ್ಲ.

ಒಬ್ಬ ಅರಿವೆ ವ್ಯಾಪಾರಿ ಅವಳನ್ನು ಮೆಚ್ಚಿದ. ಮದುವೆಯಾಗು ಎಂದ.

"ನನಗ ನೀವು ಬ್ಯಾಡ್ರಿ. ಇನ್ನೊಮ್ಮೆ ಕೇಳಬ್ಯಾಡ್ರಿ," ಎಂದಳು ಅವಳು, ಎಳ್ಳಷ್ಟೂ ಅನುಮಾನ ಉಳಿಯದಂತೆ.

ವ್ಯಾಪಾರಿ ಮತ್ತೆ ಕೇಳಲಿಲ್ಲ. ಮರುದಿನದಿಂದ ದಡಕ್ಕೆ ಬಂದು ಕೂಗತೊಡಗಿದ. ಹತ್ತಿಸಿಕೊಳ್ಳಲೇಬೇಕಲ್ಲ! ದಿನವೂ ಎದುರಿಗೆ ಕುಳಿತು ಅವಳನ್ನೇ ನೋಡುತ್ತಿದ್ದ. ಸಂತೆಗೆ ಹೋದರೆ ಹಿಂದೆ ಅವನು, ಬಾವಿಗೆ ಹೋದರೆ ಮುಂದೆ ಅವನು. ದೀಪ ಹಚ್ಚುವ ಹೊತ್ತಿಗೆ ಅವಳ ಮನೆಯೆದುರಿನ ಕಟ್ಟೆಯ ಮೇಲೆ ಅವನು. ಎಂಥ ಪ್ರೀತಿ ನೋಡು, ಪುಣ್ಯವಂತೆ ಎಂದು ಊರವರು ಕೊಂಡಾಡಿದರು. ಆ ಪುಣ್ಯವಂತೆಗೆ ಅನ್ನ ಸೇರುತ್ತಿರಲಿಲ್ಲ. ಕದ ಹಾಕಿ ಒಳಗೆ ಕುಳಿತರೂ ಎದೆ ಹೊಡೆದುಕೊಳ್ಳುತ್ತಿತ್ತು. ಹರಿಗೋಲು ಬಿಟ್ಟು ಎಲ್ಲಿಗಾದರೂ ಹೋಗಿಬಿಡಲೇ ಎಂದೂ ಯೋಚಿಸಿದಳು. ಹೋದರೆ ಹೊಟ್ಟೆಗೇನು?

ಊರ ಗೌಡನ ಬಳಿ ದೂರು ಒಯ್ದಳು. "ಮೈ ಮುಟ್ಟಿದನೇನು? ಬೈದನೇನು? ಹೊಳಿ ಎಲ್ಲಾರದು, ದಾರಿ ಎಲ್ಲಾರದು," ಎಂದು ಗೌಡ ಕೈ ಕೊಡವಿದ.

ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಮನೆ ಸೇರುತ್ತಿದ್ದರು. ಇವಳ ಎದೆಗಾರಿಕೆಗೆ ನಾನು ಕೈ ಮುಗಿಯುತ್ತೇನೆ. ನಾಚಿಕೊಳ್ಳಬೇಕಾದವಳು ತಾನಲ್ಲ ಎಂದು ಅವಳಿಗೆ ಗೊತ್ತಿತ್ತು. ಮನೆಮನೆಗೆ ಹೋಗಿ, ನನಗೆ ಭಯವಾಗುತ್ತಿದೆ, ಅವನನ್ನು ಎಲ್ಲಿ ಕಂಡಿರೋ ಅದನ್ನು ಮರೆಯಬೇಡಿ ಎಂದಳು. ವ್ಯಾಪಾರಿಯೊಡನೆ ಒಳ್ಳೆಯ ಮಾತನ್ನೂ ಆಡಲಿಲ್ಲ, ಜಗಳವನ್ನೂ ಆಡಲಿಲ್ಲ. ನೆರೆಮನೆಯ ಮುದುಕಿಯನ್ನು ಜೊತೆಗೆ ಕೂರಿಸಿಕೊಳ್ಳದೆ ಹರಿಗೋಲು ಬಿಡಲಿಲ್ಲ.

ಮತ್ತೆ ಗೌಡನ ಮುಂದೆ ನಿಂತಾಗ ಅವಳ ಬೆನ್ನಿಗೆ ಇಡೀ ಓಣಿ ನಿಂತಿತ್ತು. ಹೂವಾಡಗಿತ್ತಿ ಸಂತೆಯಲ್ಲಿ ಕಂಡದ್ದನ್ನು ಹೇಳಿದಳು. ಇವಳು ಬಾವಿ ಬದಲಿಸಿದರೆ ಅವನೂ ಬಾವಿ ಬದಲಿಸಿದ್ದನ್ನು ಬಟ್ಟೆ ಒಗೆಯುವವ ಹೇಳಿದ. ಕೊನೆಗೆ ಆಚೆ ದಡದಲ್ಲಿ ಕುರಿ ಕಾಯುವವ ಹೇಳಿದ: "ಸಾವಕಾರ್ರು ದಿನಾ ಬರತಾರ್ರಿ. ಆದ್ರ ನಮ್ಮ ದಂಡಿಗೆ ಒಂದಿನಾನೂ ಇಳದಿಲ್ಲ."

ಗೌಡ ವ್ಯಾಪಾರಿಯನ್ನು ಕರೆಸಿ, ಆಚೆ ನಿನಗೇನು ಕೆಲಸ ಎಂದು ಕೇಳಿದ. ವ್ಯಾಪಾರಿ ತಲೆ ತಗ್ಗಿಸಿದ. ಗೌಡನಿಗೂ ತಲೆ ಎತ್ತುವುದು ಕಷ್ಟವಾಯಿತು. "ಒಂದೊಂದು ದಿನಾನ ಬ್ಯಾರೆ ಬ್ಯಾರೆ ನೋಡಿದೆ, ತಪ್ಪು ಕಾಣಲಿಲ್ಲ. ಕೂಡಿಸಿ ನೋಡಲಿಲ್ಲವ್ವ," ಎಂದ.

ಅಂದೇ ಕಟ್ಟಳೆ ಬದಲಾಯಿತು. ಬೇಡವೆಂದ ಮೇಲೂ ಬೆನ್ನು ಬಿಡದವನು ಕೈ ಎತ್ತದಿದ್ದರೂ ಅಪರಾಧಿ. ಅಂಥವನು ಕೂಗಿದರೆ ಅಂಬಿಗರು ಓಗೊಡಬೇಕಿಲ್ಲ. ವ್ಯಾಪಾರಿ ಆ ದಡಕ್ಕಾಗಲಿ ಅವಳ ಓಣಿಗಾಗಲಿ ಕಾಲಿಡಕೂಡದು ಎಂದಾಯಿತು. ಮರುದಿನ ಬೆಳಿಗ್ಗೆ ಅಂಬಿಗಿತ್ತಿ ಒಬ್ಬಳೇ ಹರಿಗೋಲು ಬಿಟ್ಟಳು.

"ಇವತ್ತಿನ ಕಾನೂನು ಹೇಳುವುದೂ ಇದನ್ನೇ," ಎಂದರು ಗುರುಗಳು. "ಬೀದಿಯಲ್ಲಿ ಹಿಂಬಾಲಿಸಿದರೂ ಅಷ್ಟೇ, ಮೊಬೈಲಿನಲ್ಲಿ ಹಿಂಬಾಲಿಸಿದರೂ ಅಷ್ಟೇ."

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಆ ವ್ಯಾಪಾರಿಯ ಪ್ರೀತಿ ಸುಳ್ಳೇ, ಗುರುಗಳೇ?"

ಗುರುಗಳು ಅವನ ಮುಖ ನೋಡಿ ಹೇಳಿದರು: "ನೀನು ಗಂಡಸಿನ ಪ್ರೀತಿಯನ್ನು ಎರಡು ಸಲ ವಿಚಾರಿಸಿದೆ ಮಗು, ಹೆಣ್ಣಿನ ಭಯವನ್ನು ಒಮ್ಮೆಯೂ ವಿಚಾರಿಸಲಿಲ್ಲ."