ಉಪ್ಪಿನ ವ್ಯಾಪಾರಿಯ ಬಾಗಿಲು

"ಗುರುಗಳೇ, ಕಿವಿಗವಸುಗಳಲ್ಲಿ ನೆಚ್ಚಿಕೊಳ್ಳಬಹುದಾದದ್ದು ಯಾವುದು?"

ಗುಡ್ಡದ ಬುಡದ ಮೈದಾನದಲ್ಲಿ ಅಂದಿನ ಕೋವಿ ಅಭ್ಯಾಸ ಮುಗಿದಿತ್ತು. ಚೆಲುವರಾಜು ತನ್ನ ಕೋವಿಯ ನಳಿಗೆ ಒರೆಸಿಟ್ಟು, ಬೋಜಪ್ಪನವರ ಮುಂದೆ ಕೈಕಟ್ಟಿ ನಿಂತು ಈ ಪ್ರಶ್ನೆ ಕೇಳಿದ. ಬೋಜಪ್ಪನವರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಈಗ ಸುತ್ತಮುತ್ತಲಿನವರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ಅವರು ಮಾತಾಡುವುದು ಕಡಿಮೆ, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವುದು ಇನ್ನೂ ಕಡಿಮೆ.

ಪ್ರಶ್ನೆ ಚಿಕ್ಕದೇ. ಆದರೆ ಅದನ್ನು ಹೊತ್ತುಕೊಂಡು ಚೆಲುವರಾಜು ಸಾಕಷ್ಟು ಅಲೆದಿದ್ದ. ಅವನಿಗೆ ಬೇಕಾಗಿದ್ದದ್ದು ಎಲೆಕ್ಟ್ರಾನಿಕ್ ಗವಸು. ಅದು ಮೆಲ್ಲಗಿನ ಮಾತನ್ನು ಕಿವಿಗೆ ಮುಟ್ಟಿಸುತ್ತದೆ, ಗುಂಡಿನ ಸದ್ದು ಬಂದೊಡನೆ ಅದನ್ನು ತಡೆಯುತ್ತದೆ. ಅಂಗಡಿಯವನು ಡೆಸಿಬಲ್‌ಗಳ ಲೆಕ್ಕ ಒಪ್ಪಿಸಿದ. ಆ ಲೆಕ್ಕ ಜಾಸ್ತಿ ಇದ್ದರೆ ಒಳ್ಳೆಯದೋ ಕಡಿಮೆ ಇದ್ದರೆ ಒಳ್ಳೆಯದೋ ಎಂದರೆ, "ಅದು ನಿಮಗೆ ಬಿಟ್ಟದ್ದು ಸಾರ್" ಎಂದ. ಜೊತೆಗಾರನೊಬ್ಬ ಮೈಕುಗಳು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದ. ಮಾರನೆಯ ದಿನ ಅವನೇ ಬಂದು, ಮೈಕು ಹೆಚ್ಚಾದರೆ ಗಾಳಿಯ ಸದ್ದೇ ತಲೆ ತಿನ್ನುತ್ತದೆ ಎಂದ. ಮೊಬೈಲಿನಲ್ಲಿ ಒಬ್ಬರು ಅಗ್ಗದ್ದೇ ಧಾರಾಳ ಎಂದರು. ಇನ್ನೊಬ್ಬರು, ಅಗ್ಗದ್ದು ಎಚ್ಚರಗೊಳ್ಳುವ ಹೊತ್ತಿಗೆ ಗುಂಡು ಹಾರಿ ಊರು ಸೇರಿರುತ್ತದೆ ಎಂದು ನಕ್ಕರು. ಸೆಲ್ ಮುಗಿದುಹೋದರೆ ಏನು ಗತಿ ಎಂದು ಮತ್ತೊಬ್ಬರು ಹೆದರಿಸಿದರು. ಎಲ್ಲರ ಮಾತೂ ಸರಿಯೆನಿಸಿ, ಚೆಲುವರಾಜುವಿನ ತಲೆ ಮೊಸರು ಗಡಿಗೆಯಾಗಿತ್ತು.

ಅವನು ಗುರುಗಳಿಗೆ ಹೇಳದೆ ಉಳಿಸಿಕೊಂಡ ಸಂಗತಿ ಒಂದಿತ್ತು. ಅವನ ಎಡಗಿವಿಯಲ್ಲಿ ಜೀರುಂಡೆ ಕೂತಂತೆ ಸದಾ ಸದ್ದು. ಮೊದಮೊದಲು ಅಭ್ಯಾಸ ಮುಗಿದ ಮೇಲೆ ಕೇಳಿಸಿ ಊಟದ ಹೊತ್ತಿಗೆ ನಿಲ್ಲುತ್ತಿತ್ತು. ಈಗ ನಿಲ್ಲುವುದನ್ನೇ ಬಿಟ್ಟಿತ್ತು. ಕಾರಣವೂ ಅವನಿಗೆ ಗೊತ್ತಿತ್ತು. ಹಳೆಯ ಸಾದಾ ಗವಸು ಹಾಕಿಕೊಂಡು ಅವನು ಗುರಿ ಹಿಡಿದು ನಿಂತಾಗ, ಬೋಜಪ್ಪನವರು ಹಿಂದಿನಿಂದ ಬಂದು ಏನಾದರೂ ತಿದ್ದುತ್ತಿದ್ದರು. ಹಿರಿಯರು ಮಾತಾಡುವಾಗ ಕಿವಿ ಮುಚ್ಚಿಕೊಂಡು ನಿಲ್ಲುವುದು ಅವನ ಮನೆಯಲ್ಲಿ ಕಲಿಸಿದ ನಡತೆಯಲ್ಲ. ಅವನು ಹೆಬ್ಬೆರಳಿನಿಂದ ಎಡಗಡೆಯ ಗವಸನ್ನು ಎತ್ತಿ ಹಿಡಿಯುತ್ತಿದ್ದ. ಅಷ್ಟರಲ್ಲಿ ಪಕ್ಕದವನ ಕೋವಿ ಢಮ್ಮೆನ್ನುತ್ತಿತ್ತು.

ಹೇಳಿದರೆ ಗುರುಗಳು ಕೋವಿ ಕೆಳಗಿಡಿಸುತ್ತಾರೆ. ಬರುವ ತಿಂಗಳು ರಾಜ್ಯ ತಂಡದ ಆಯ್ಕೆ. ಹೇಳದೆ ಹೋದರೆ ಕಿವಿ ಹೋಗುತ್ತದೆ. ಈ ಇಕ್ಕಟ್ಟಿನಿಂದ ಯಾವುದಾದರೂ ಒಳ್ಳೆಯ ಯಂತ್ರ ತನ್ನನ್ನು ಪಾರುಮಾಡೀತು ಎಂದು ಅವನು ಆಸೆಪಟ್ಟಿದ್ದ.

ಬೋಜಪ್ಪನವರು ಬೆಂಚಿನ ಮೇಲೆ ಕೂತರು. ಅವನನ್ನೂ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಅವನ ಅಂಗಡಿ ಇಳಿಜಾರು ಬೀದಿಯ ಕೊನೆಯಲ್ಲಿತ್ತು. ಮಳೆ ಹೊಯ್ದರೆ ಮೇಲಿನ ಬೀದಿಗಳ ನೀರೆಲ್ಲ ಅವನ ಹೊಸ್ತಿಲಿಗೇ ನುಗ್ಗುತ್ತಿತ್ತು. ಬಾಗಿಲು ಹಾಕಿಯೇ ಇಟ್ಟರೆ ಗಿರಾಕಿ ಬರುವುದಿಲ್ಲ. ತೆರೆದೇ ಇಟ್ಟರೆ ಉಪ್ಪು ಉಳಿಯುವುದಿಲ್ಲ. ಗಿರಾಕಿಯನ್ನು ಒಳಗೆ ಬಿಟ್ಟು, ನೀರು ಬಂದಾಗ ಬಾಗಿಲು ಮುಚ್ಚುವ ಕಾವಲುಗಾರನೊಬ್ಬ ಬೇಕೆಂದು ಅವನು ಹುಡುಕತೊಡಗಿದ.

ಒಬ್ಬರು ಚುರುಕಾದವನನ್ನು ಇಟ್ಟುಕೋ ಎಂದರು. ಒಬ್ಬರು ಬಲವಾದವನನ್ನು ಎಂದರು. ಕಣ್ಣು ಚೆನ್ನಾಗಿರುವವನೇ ಸರಿ ಎಂದು ಇನ್ನೊಬ್ಬರು. ವ್ಯಾಪಾರಿ ಊರೂರು ತಿರುಗಿ ಮೂರೂ ಇದ್ದವನನ್ನು ಕರೆತಂದ. ಕಾವಲುಗಾರ ನಿಜಕ್ಕೂ ಒಳ್ಳೆಯವನು. ಬೀದಿಯ ತುದಿಯಲ್ಲಿ ನೀರು ಕಾಣುವುದೇ ತಡ, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲು ಮುಚ್ಚುತ್ತಿದ್ದ. ವ್ಯಾಪಾರಿ ಹಿರಿಹಿರಿ ಹಿಗ್ಗಿದ. ಸಿಕ್ಕವರಿಗೆಲ್ಲ ತನ್ನ ಕಾವಲುಗಾರನ ಗುಣಗಾನವೇ.

ಆದರೆ ಆ ಬಾಗಿಲಿನ ಕೆಳಗೆ ವ್ಯಾಪಾರಿ ಒಂದು ಮರದ ಬೆಣೆ ಬಡಿಸಿದ್ದ. ಪೂರ್ತಿ ಮುಚ್ಚಿದ ಬಾಗಿಲಿಗೆ ಲಕ್ಷ್ಮಿ ಬರುವುದಿಲ್ಲ ಎಂದು ಅವನ ನಂಬಿಕೆ. ದೀಪ ಹಚ್ಚುವ ಹೊತ್ತಿಗೆ ಯಾರಾದರೂ ಮರೆತು ಕದ ಹಾಕಿಬಿಟ್ಟರೆ ಎಂಬ ಭಯಕ್ಕೆ, ಬಾಗಿಲು ಎಂದೂ ಚೌಕಟ್ಟಿಗೆ ಕೂರದಂತೆ ಬೆರಳಗಲದ ಸಂದಿ ಉಳಿಸಿದ್ದ. ಭಕ್ತಿಯಿಂದ ಬಿಟ್ಟ ಸಂದಿ. ಅದರ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ.

ಪ್ರತಿ ಮಳೆಗೂ ಸಂದಿಯಿಂದ ಸ್ವಲ್ಪ ಸ್ವಲ್ಪ ನೀರು ಬಂತು. ಕೆಳಗಿನ ಮೂಟೆಗಳು ಒದ್ದೆಯಾದವು. ವ್ಯಾಪಾರಿ ಅದನ್ನು ಕಂಡ. ಕಂಡು, ಗಿರಾಕಿಗಳ ಕಣ್ಣಿಗೆ ಬೀಳದಿರಲೆಂದು ಒಣಗಿದ ಮೂಟೆಗಳನ್ನು ಮುಂದಕ್ಕೆ ತಂದು, ಒದ್ದೆಯವನ್ನು ಹಿಂದಕ್ಕೆ ತಳ್ಳಿದ. ಹೊರಗಿನಿಂದ ನೋಡಿದರೆ ಅಂಗಡಿ ತುಂಬಿಯೇ ಇತ್ತು.

ಹಬ್ಬದ ವ್ಯಾಪಾರಕ್ಕೆ ಒಂದು ದಿನ ಹಿಂದಿನ ಮೂಟೆಗೆ ಕೈ ಹಾಕಿ ಎತ್ತಿದ. ಖಾಲಿ ಗೋಣಿಚೀಲ ಕೈಗೆ ಬಂತು. ಇನ್ನೊಂದನ್ನು ಎತ್ತಿದ. ಅದೂ ಗೋಣಿಯೇ. ವ್ಯಾಪಾರಿ ಕಾವಲುಗಾರನ ಮೇಲೆ ಹರಿಹಾಯ್ದ.

"ನಿನ್ನನ್ನು ನಂಬಿ ನಾನು ಕೆಟ್ಟೆ. ನೀನು ಬಾಗಿಲು ಮುಚ್ಚಲಿಲ್ಲವೇ?"

"ಮುಚ್ಚಿದೆ ಯಜಮಾನರೇ" ಎಂದ ಕಾವಲುಗಾರ. "ನಿಮ್ಮ ಬಾಗಿಲು ಎಷ್ಟು ಮುಚ್ಚುತ್ತದೋ ಅಷ್ಟು ಮುಚ್ಚಿದೆ."

ಬೋಜಪ್ಪನವರು ಅಲ್ಲಿಗೆ ನಿಲ್ಲಿಸಿದರು.

ಚೆಲುವರಾಜು ಕಾದ. ಕತೆ ಇನ್ನೂ ಇದೆ, ಕೊನೆಯಲ್ಲಿ ಯಾವುದೋ ಕಂಪನಿಯ ಹೆಸರು ಬರುತ್ತದೆ ಎಂದು ಅವನು ಅಂದುಕೊಂಡಿದ್ದ. ಬರಲಿಲ್ಲ. ಕಾವಲುಗಾರ ಎಂದರೆ ಮೈಕೋ, ಸೆಲ್ಲೋ? ನೀರು ಎಂದರೆ ಗುಂಡಿನ ಸದ್ದೇ ಇರಬೇಕು. ಹಾಗಾದರೆ ಲಕ್ಷ್ಮಿ ಯಾರು? ಕೇಳಲು ಬಂದದ್ದು ಒಂದು ಗೊಂದಲ ಹಿಡಿದು, ಈಗ ಕೈಯಲ್ಲಿ ಎರಡಾದವು.

"ಗುರುಗಳೇ, ಕಾವಲುಗಾರ ಒಳ್ಳೆಯವನೇ ಆಗಿದ್ದ ಅಂದ್ರಿ. ಮತ್ತೆ ನಾನು ಚುರುಕಾಗಿರೋ ಯಂತ್ರ ತಗೊಳ್ಳಬೇಕೋ, ಬೇಡವೋ?"

"ತಗೋ. ಆದ್ರೆ ಕೊಳ್ಳೋ ಮೊದಲು ಕಾವಲುಗಾರನ್ನ ಮಲಗಿಸಿ, ಬಾಗಿಲು ನೋಡು" ಎಂದರು ಬೋಜಪ್ಪನವರು. "ಸ್ವಿಚ್ಚು ಆರಿಸಿ ಹಾಕ್ಕೋ. ಯಂತ್ರ ಸತ್ತಾಗಲೂ ಸದ್ದು ತಡೀತದಾ ನೋಡು. ಕನ್ನಡಕದ ಕಡ್ಡಿ ಸಿಕ್ಕಿಕೊಂಡು ಸಂದಿ ಬಿಡ್ತದಾ ನೋಡು. ಮೆತ್ತೆ ಕಿವಿ ಸುತ್ತ ಪೂರ್ತಿ ಕೂರಬೇಕು. ಅಷ್ಟಾದ ಮೇಲೆ ಯಂತ್ರ ಎಷ್ಟು ಚುರುಕು ಅಂತ ವಿಚಾರಿಸು."

ಚೆಲುವರಾಜು ತಲೆಯಾಡಿಸಿದ. ಮೆತ್ತೆ, ಸ್ವಿಚ್ಚು, ಕನ್ನಡಕ, ಎಲ್ಲ ತಿಳಿಯಿತು. ಆದರೆ ಬೆಣೆ ಅವನನ್ನು ಬಿಡಲಿಲ್ಲ. ತನ್ನ ಹೆಬ್ಬೆರಳನ್ನು ನೋಡಿಕೊಂಡ. ಹಿಂದಕ್ಕೆ ತಳ್ಳಿದ ಮೂಟೆಗಳ ನೆನಪಾಯಿತು. ಅವನಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ನನ್ನ ಎಡಗಿವಿ ಗುಂಯ್ ಅಂತಿದೆ ಗುರುಗಳೇ" ಎಂದ. "ಬಹಳ ದಿನದಿಂದ. ಹೇಳಿದ್ರೆ ಆಯ್ಕೆಗೆ ಕಳಿಸಲ್ಲ ಅಂತ ಹೇಳಲಿಲ್ಲ. ನೀವು ಮಾತಾಡುವಾಗ ಕಿವಿ ಮುಚ್ಚಿಕೊಂಡು ಹೇಗೆ ನಿಲ್ಲಲಿ? ಅದಕ್ಕೇ ಗವಸು ಎತ್ತುತ್ತಿದ್ದೆ."

ಬೋಜಪ್ಪನವರು ಅವನ ಕೋವಿಯನ್ನು ತೆಗೆದು ತಮ್ಮ ಪಕ್ಕಕ್ಕೆ ಇಟ್ಟುಕೊಂಡರು. ನಾಳೆ ಬೆಳಿಗ್ಗೆ ಕಿವಿಯ ಡಾಕ್ಟರ ಬಳಿಗೆ ಹೋಗೋಣ, ನಾನೂ ಬರುತ್ತೇನೆ ಎಂದರು. ಆಯ್ಕೆಯ ಮಾತು ಎತ್ತಲಿಲ್ಲ. ಚೆಲುವರಾಜು ಅದನ್ನು ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಬೋಜಪ್ಪನವರು ಅವನ ಎಡಗಿವಿಯ ಮೇಲೆ ಅಂಗೈ ಇಟ್ಟು, ಬಲಗಿವಿಗೆ ಕೇಳುವಂತೆ ಹೇಳಿದರು:

"ನನ್ನ ಮಾತಿಗೆ ಕಿವಿ ಕೊಡು ಅಂದೆ ಮಗನೇ, ಕಿವಿಯನ್ನೇ ಕೊಟ್ಟುಬಿಡು ಅನ್ನಲಿಲ್ಲ."