ಅರಿಶಿನ ಬಳಿದ ಮರಿ

ಹೊಳೆ ತುಂಬಿ ದೋಣಿ ನಿಂತದ್ದರಿಂದ, ನಡುಗಡ್ಡೆಯ ಕೋಳಿಗಳಿಗೆ ಆಚೆ ದಡದ ಕೊಕ್ಕರೆ ವೈದ್ಯರು ಫೋನಿನಲ್ಲಷ್ಟೇ ಸಿಗುತ್ತಿದ್ದರು. ಒಂದು ಕೋಳಿಯ ಮರಿಗೆ ಜ್ವರ ಬಂದು, ಕಣ್ಣಿನ ಸುತ್ತ ಗುಳ್ಳೆಗಳೆದ್ದವು. ಕರೆ ಮಾಡುವ ಮೊದಲು ತಾಯಿ ಗುಳ್ಳೆಗಳ ಮೇಲೆ ದಪ್ಪಗೆ ಅರಿಶಿನ ಬಳಿದಳು.

“ಅದನ್ನು ಒರೆಸಮ್ಮ,” ಎಂದಿತು ಫೋನು. “ನೀನು ತೋರಿಸಿದ್ದನ್ನು ಮಾತ್ರ ನಾನು ಒಯ್ಯಬಲ್ಲೆ.”

“ನೆರೆಯವರೆಲ್ಲ ಬೇಲಿಯಾಚೆ ಕತ್ತು ಚಾಚಿ ನಿಂತಿದ್ದಾರೆ. ಗುಳ್ಳೆ ಕಂಡರೆ ನಾಳೆ ನನ್ನ ಮನೆಯ ನೀರು ಮುಟ್ಟುವರೇ? ನೀನು ಸುಮ್ಮನಿರು!”

ಕೊಕ್ಕರೆ ವೈದ್ಯರು ಪರದೆಯಲ್ಲಿ ಬಗ್ಗಿ ನೋಡಿದರು. “ಗುಳ್ಳೆ ಎದ್ದಿವೆಯೇನಮ್ಮಾ? ಎದ್ದಿದ್ದರೆ ಇದು ಅಂಟುರೋಗ.”

“ಒಂದೂ ಇಲ್ಲ, ಡಾಕ್ಟರೇ. ಬರೀ ಶೀತ.”

“ಹಾಗಾದರೆ ಮರಿಯನ್ನು ಬೇರೆ ಇಡಬೇಕಾಗಿಲ್ಲ. ಬಿಸಿನೀರು ಕುಡಿಸಿ.”

ನೆರೆಯವರಿಗೆ ಸಮಾಧಾನವಾಯಿತು. ತಮ್ಮ ಮರಿಗಳನ್ನು ಅಲ್ಲಿಗೇ ಆಡಲು ಕಳುಹಿಸಿದರು. ತಾಯಿ ಬಾಗಿಲಿಗೆ ಅಡ್ಡ ನಿಂತಳು, ನಿಜ ಹೇಳಲೆಂದು ಬಾಯಿ ತೆರೆದಳು, ಬೇಲಿಯ ಕಡೆ ನೋಡಿ ಪಕ್ಕಕ್ಕೆ ಸರಿದಳು.

ವಾರ ಕಳೆದರೂ ಹೊಳೆ ಇಳಿಯಲಿಲ್ಲ. ಫೋನಿನ ಮುಂದೆ ಹನ್ನೆರಡು ತಾಯಂದಿರು ಮರಿಗಳೊಡನೆ ಸಾಲಾಗಿ ಕುಳಿತಿದ್ದರು. ಹನ್ನೆರಡು ಮರಿಗಳ ಮುಖದ ಮೇಲೂ ದಪ್ಪಗೆ ಅರಿಶಿನವಿತ್ತು.