ಮರಿಯಾಗದ ಮೊಟ್ಟೆ

"ಕೇಳಿರಯ್ಯಾ ಕೇಳಿ. ಹಿರೇಗುಡ್ಡದ ದೊರೆ ಮಲ್ಲರಸರ ಅಪ್ಪಣೆ. ರಾಣಿ ನಾಗಲೆಯವರು ಅನ್ನ ಬಿಟ್ಟು ಮಲಗಿದ್ದಾರೆ. ತಾವು ಕೇಳುವ ಮೂರು ಒಗಟಿಗೆ ಉತ್ತರ ಸಿಕ್ಕರೆ ಮಾತ್ರ ಉಣ್ಣುತ್ತೇನೆ ಎಂದಿದ್ದಾರೆ. ಬಿಡಿಸಿದವರು ಬೇಡಿದ್ದನ್ನು ದೊರೆಗಳು ಕೊಡುತ್ತಾರೆ. ತಪ್ಪಿದವರಿಗೆ ತಲೆದಂಡ. ಅವರ ಹೆಣವನ್ನೂ ಮನೆಯವರಿಗೆ ಕೊಡುವುದಿಲ್ಲ."

ಡಂಗುರದವನು ಹೀಗೆ ಸಾರುತ್ತಾ ಊರೂರು ತಿರುಗಿದ.

ರಾಣಿ ಹೆತ್ತ ಮಕ್ಕಳೆಲ್ಲ ಉಸಿರಿಲ್ಲದೆಯೇ ಹುಟ್ಟಿದ್ದವು. ಕೊನೆಯದೂ ಹಾಗೆಯೇ ಆದ ಮೇಲೆ ಅವಳು ಯಾರೊಡನೆಯೂ ಮಾತು ಬೆಳೆಸುತ್ತಿರಲಿಲ್ಲ. ಅರಮನೆಯ ಹಿತ್ತಲಲ್ಲಿ ಅವಳು ಸಾಕಿದ್ದ ತುರಾಯಿ ಕೋಳಿಗಳಿದ್ದವು. ಕಡಲಾಚೆಯಿಂದ ಬಂದ ಜಾತಿ. ತಲೆಯ ಮೇಲೆ ಪುಕ್ಕದ ತುರಾಯಿ, ಕಾಲ್ಬೆರಳವರೆಗೂ ಗರಿ. ಹಾಸಿಗೆ ಹಿಡಿಯುವ ತನಕ ಅವುಗಳೆದುರು ಕೂತೇ ಹೊತ್ತು ಕಳೆಯುತ್ತಿದ್ದಳು.

ಮೊದಲು ಬಂದವನು ಒಬ್ಬ ರತ್ನದ ವ್ಯಾಪಾರಿ. ರಾಣಿ ಮಲಗಿದ್ದಲ್ಲಿಂದಲೇ ಕೇಳಿದಳು: "ಬಾಗಿಲಿಲ್ಲದ ಬಿಳಿ ಮನೆ. ಹೊರಗಿನವರು ಒಡೆದರೆ ಒಳಗಿನವರು ಸಾಯುತ್ತಾರೆ. ಒಳಗಿನವರೇ ಒಡೆದರೆ ಬದುಕುತ್ತಾರೆ. ಯಾವುದು ಅದು?"

"ಮುತ್ತಿನ ಚಿಪ್ಪು," ಎಂದ ವ್ಯಾಪಾರಿ. ಹೊತ್ತು ಇಳಿಯುವ ಮೊದಲೇ ಅವನ ಹೆಣ ಕೋಟೆಯ ಕಂದಕಕ್ಕೆ ಬಿತ್ತು.

ಆಮೇಲೆ ಬಂದವನು ಪಕ್ಕದ ಸೀಮೆಯ ಪಾಳೆಯಗಾರನ ಮಗ. ಮೊದಲನೆಯದಕ್ಕೆ ಮೊಟ್ಟೆ ಎಂದು ಸರಿಯಾಗಿಯೇ ಹೇಳಿದ. ರಾಣಿ ಎರಡನೆಯದನ್ನು ಕೇಳಿದಳು: "ಹೆತ್ತವಳು ಹೆತ್ತಿಟ್ಟು ಹೊರಟುಹೋದಳು, ತಿರುಗಿ ನೋಡಲಿಲ್ಲ. ಹೆರದವಳು ಕೂಳು ನೀರು ಬಿಟ್ಟು ಅಪ್ಪಿಕೊಂಡು ಕೂತಳು. ಇವರಿಬ್ಬರು ಯಾರು?"

"ಹೆತ್ತವಳು ಕೋಗಿಲೆ, ಕೂತವಳು ಕಾಗೆ."

"ಕಾಗೆಗೆ ಅದರ ಗಂಡು ತುತ್ತು ತಂದು ಕೊಡುತ್ತದೆ. ಅದು ಉಪವಾಸ ಕೂರುವುದಿಲ್ಲ," ಎಂದು ರಾಣಿ ಕಣ್ಣು ಮುಚ್ಚಿಕೊಂಡಳು. ಅವನ ತಲೆಯೂ ಬಿತ್ತು.

ಮೂರನೆಯವನು ಓಬ. ಗುಡ್ಡದ ಕೆಳಗಿನ ಹಟ್ಟಿಯವನು; ತಮ್ಮ ಸಣ್ಣೀರನನ್ನು ಜೊತೆಗಿಟ್ಟುಕೊಂಡು ತುರಾಯಿ ಕೋಳಿಯ ಮರಿ ಮಾಡಿಸಿ ಸಾಕುತ್ತಿದ್ದ. ಹೆಂಡತಿ ಚೌಡವ್ವ ಹೋಗಬೇಡಿ ಎಂದಳು. "ಊರೆಲ್ಲ ಆ ಎರಡು ಒಗಟಿನದೇ ಮಾತು, ಕೇಳುತ್ತಿರುವುದು ಕೋಳಿಯ ವಿಚಾರ. ನನಗೆ ಗೊತ್ತಿರದ್ದೇನಿದೆ?" ಎಂದು ಹೊರಟ.

ಅರಮನೆಯಲ್ಲಿ ಮೊದಲ ಎರಡನ್ನೂ ಬಿಡಿಸಿದ. ಆಗ ರಾಣಿ ಮೂರನೆಯದನ್ನು ಕೇಳಿದಳು: "ಒಂದೇ ಬುಟ್ಟಿ, ಒಂದೇ ಕಾವು. ಉಳಿದ ಮೊಟ್ಟೆಗಳೆಲ್ಲ ಮರಿಯಾದವು, ಒಂದು ಆಗಲಿಲ್ಲ. ತಪ್ಪು ಯಾರದು?"

"ಕಾವಿಗೆ ಕೂತ ಕೋಳಿಯದು, ತಾಯಿ. ಅದು ಸರಿಯಾಗಿ ಹೊರಳಿಸಿರಲ್ಲ."

"ನನಗೂ ಎಲ್ಲರೂ ಇದನ್ನೇ ಹೇಳಿದ್ದು," ಎಂದು ರಾಣಿ ಗೋಡೆಯ ಕಡೆ ಮುಖ ಮಾಡಿದಳು.

ಓಬನ ತಲೆ ಬಿದ್ದ ಸುದ್ದಿ ಹಟ್ಟಿಗೆ ಬಂದಾಗ ಚೌಡವ್ವ ಅಳಲಿಲ್ಲ. ಕಂಬಕ್ಕೆ ಒರಗಿ ಕೂತಳು. "ಮಣ್ಣಾದರೂ ಮಾಡಬೇಕಲ್ಲ, ಸಣ್ಣೀರ," ಎಂದಳು.

"ಕೇಳಿ ತರ್ತೀನಿ, ಅತ್ತಿಗೆ."

"ಒಗಟಿಗೆ ಬಂದವರನ್ನಲ್ಲದೆ ಬೇರೆಯವರನ್ನು ಒಳಗೆ ಬಿಡಲ್ಲವಂತೆ."

"ಒಗಟಿಗೇ ಬಂದೆ ಅಂತೀನಿ."

"ಮೂರನೆಯದಕ್ಕೆ ಉತ್ತರ ಗೊತ್ತಾ?"

"ಇಲ್ಲ."

ತಡೆಯಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ. ಕಂದಕ ದಾಟುವಾಗ ಸಣ್ಣೀರ ಕೆಳಗೆ ನೋಡಲಿಲ್ಲ. ನೋಡಿದ್ದರೆ ಕಾಲು ಮುಂದೆ ಹೋಗುತ್ತಿರಲಿಲ್ಲ.

ದೊರೆಗೆ ಅಡ್ಡಬಿದ್ದು ಅಣ್ಣನ ಹೆಣ ಬೇಡಿದ. "ಮೊದಲು ಉತ್ತರ," ಎಂದ ಮಲ್ಲರಸ. ರಾಣಿ ಮೊದಲ ಎರಡು ಒಗಟು ಕೇಳಿದಳು; ಅವಳ ಧ್ವನಿ ಈಗ ಪಿಸುಮಾತಿನಷ್ಟೇ ಇತ್ತು.

"ಬಾಗಿಲಿಲ್ಲದ ಮನೆ ಮೊಟ್ಟೆ, ತಾಯಿ. ಮರಿ ಕಷ್ಟಪಡ್ತಿದೆ ಅಂತ ನಾವು ಸಿಪ್ಪೆ ಬಿಡಿಸೋಕೆ ಹೋದರೆ ರಕ್ತ ಸುರಿದು ಸಾಯುತ್ತೆ, ತಾನೇ ಕುಕ್ಕಿ ಬಂದರೆ ಬದುಕುತ್ತೆ. ಹೆತ್ತವಳು ತುರಾಯಿ ಕೋಳಿ. ಅದು ಮೊಟ್ಟೆ ಇಡುತ್ತೆ, ಕಾವಿಗೆ ಕೂರಲ್ಲ. ಹೆರದವಳು ನಾಟಿ ಕೋಳಿ. ಅದರ ಅಡಿಗೆ ಇಟ್ಟರೆ ಮೈ ಇಳಿದು ಎಲುಬಾದರೂ ಏಳಲ್ಲ."

"ಮರಿಯಾಗದ ಮೊಟ್ಟೆಯ ತಪ್ಪು ಯಾರದು?"

ತನ್ನ ಗತಿಯೂ ಇಷ್ಟೇ ಎಂದುಕೊಂಡ ಸಣ್ಣೀರ. ಅತ್ತಿಗೆ ಇನ್ನೂ ಆ ಕಂಬಕ್ಕೇ ಒರಗಿ ಕೂತಿರಬಹುದು ಅನ್ನಿಸಿತು. ಇನ್ನು ಕಳೆದುಕೊಳ್ಳುವುದೇನಿದೆ ಎಂದು ಬಾಯಿ ತೆರೆದ.

"ಉತ್ತರ ಗೊತ್ತಿಲ್ಲ, ತಾಯಿ. ಕಂಡದ್ದು ಹೇಳ್ತೀನಿ. ಈ ಸಲ ನಮ್ಮ ಬುಟ್ಟಿಯಲ್ಲೂ ಒಂದು ಒಡೆಯಲಿಲ್ಲ. ಹುಂಜ ಗಟ್ಟಿಯಾಗಿತ್ತು, ಮೊಟ್ಟೆಗೆ ಬಿರುಕಿರಲಿಲ್ಲ, ಕೋಳಿ ನೆಟ್ಟಗೆ ನೀರಿಗೂ ಎದ್ದಿರಲಿಲ್ಲ. ಕೊನೆಗೆ ಬಿಡಿಸಿ ನೋಡಿದೆ. ಮರಿ ತುಂಬ ಬೆಳೆದಿತ್ತು. ತಲೆ ಮೇಲೆ ತುರಾಯಿ ಕೂಡ ಮೂಡಿತ್ತು. ಯಾರು ಏನು ತಪ್ಪು ಮಾಡಿದರು ಅಂತ ಹುಡುಕಿದೆ. ಯಾರೂ ಮಾಡಿರಲಿಲ್ಲ. ಆ ಕೋಳಿ ಬುಟ್ಟಿ ಬಿಟ್ಟು ಬರಲೇ ಇಲ್ಲ, ನಾನೇ ಎತ್ತಿ ಹೊರಗೆ ಬಿಡಬೇಕಾಯಿತು. ಅದರ ತಪ್ಪಲ್ಲ, ತಾಯಿ. ಯಾರ ತಪ್ಪೂ ಅಲ್ಲ."

ರಾಣಿ ದಾಸಿಯ ಕೈ ಹಿಡಿದು ಎದ್ದು ಕೂತಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವಳು ಅತ್ತದ್ದನ್ನು ಅರಮನೆಯವರು ಅದುವರೆಗೆ ಕಂಡಿರಲಿಲ್ಲ.

"ಬಿಡಿಸಿದ," ಎಂದಳು ಕೊನೆಗೆ.

ಮಲ್ಲರಸನಿಗೆ ಹೋದ ಜೀವ ಬಂದಂತಾಯಿತು. ರಾಣಿಯ ಮಂಚದ ಬಳಿಯಿಂದ ಎದ್ದು ಬಂದು ಸಣ್ಣೀರನ ಹೆಗಲ ಮೇಲೆ ಕೈಯಿಟ್ಟ. "ಏನು ಬೇಕೋ ಕೇಳು. ನಿನ್ನಣ್ಣನ ವಿಚಾರದಲ್ಲೂ ಮನಸ್ಸಿಗೆ ಸಮಾಧಾನ ತಂದುಕೋ. ಅದೂ ಯಾರ ತಪ್ಪೂ ಅಲ್ಲ."

"ಅಲ್ಲ, ದೊರೆ," ಎಂದ ಸಣ್ಣೀರ. "ಅದು ಯಾರ ತಪ್ಪು ಅಂತ ಗೊತ್ತಿದೆ."

ಕಾವಲಿನವರು ಈಟಿ ಮೇಲೆತ್ತಿದರು. ದೊರೆ ಕೈ ಅಡ್ಡ ಮಾಡಿ ತಡೆದ.

ಸಣ್ಣೀರ ಬೇಡಿದ್ದು ಇಷ್ಟು: ಅಣ್ಣನ ಹೆಣ, ಉಳಿದ ಇಬ್ಬರ ಹೆಣ ಅವರವರ ಮನೆಗೆ, ಇನ್ನು ಯಾರ ತಲೆಯೂ ಬೀಳಬಾರದೆಂಬ ಮಾತು. ಮಲ್ಲರಸ ಎಲ್ಲಕ್ಕೂ ಒಪ್ಪಿದ. ಮೇಲೆ ಗುಡ್ಡದ ಕೆಳಗಿನ ಹೊಲವನ್ನು ಚೌಡವ್ವನ ಹೆಸರಿಗೆ ಬರೆದ. ಕಂದಕದಿಂದ ಓಬನನ್ನು ಎತ್ತಿ ಗಾಡಿಗೆ ಹಾಕುವಾಗ ದೊರೆಯೂ ಒಂದು ಕಡೆ ಕೈ ಕೊಟ್ಟ. ಸಣ್ಣೀರ ಬೇಡ ಎನ್ನಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ.

ಆ ಸಂಜೆ ರಾಣಿ ಒಂದು ಬಟ್ಟಲು ಗಂಜಿ ಕುಡಿದಳು. ಹಟ್ಟಿಯಲ್ಲಿ ಚೌಡವ್ವ ಎಷ್ಟೋ ದಿನ ಒಲೆ ಹಚ್ಚಲಿಲ್ಲ.